ಚೀನಾದ ಗಾಡಿ, ಕೋಟೆಪುರ

ಮರದ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದದ್ದಂತೆ,
ನನ್ನ ಕೈಗೆ ಸೇರುವಾಗ ಮೂರು ಜನರ ಎಂಜಲು.
ನೂರಿಪ್ಪತ್ತೈದು ಸೀಸಿ, ಹಸಿರು ಪ್ಲಾಸ್ಟಿಕ್ಕು,
ಟ್ಯಾಂಕಿನ ಮೇಲೆ ಹುಲಿಯೋ ನಾಯಿಯೋ, ಒಂದು ಸ್ಟಿಕ್ಕರು.
ಕೊಟ್ಟವ ಹೇಳಿದ: ಎಂತ ಉಂಟು ಇದರಲ್ಲಿ ಮಾರಾಯ,
ಬೋಲ್ಟೆಲ್ಲ ಬೆಲ್ಲದ್ದು.

ಹೌದು. ಹತ್ತನೇ ನಂಬರಿನ ಸ್ಪಾನರಿಗೆ
ಮೊದಲ ಬೋಲ್ಟಿನ ತಲೆ ಹಾಗೇ ಕೈಗೆ ಬಂತು,
ಗೇರುಹಣ್ಣಿನಿಂದ ಬೀಜ ತಿರುಪಿದ ಹಾಗೆ.

ರಾತ್ರಿ ಪಾಳಿ ಮುಗಿಸಿ, ಅಮೋನಿಯಾ ನಾತದ ಅಂಗಿಯಲ್ಲೇ
ಅಂಗಳದಲ್ಲಿ ಗೋಣಿ ಹಾಸಿ ಕೂರುತ್ತೇನೆ.
ಕಡಲಿಗೆ ಇಲ್ಲಿ ಬೇಲಿಯ ಮರ್ಯಾದೆ ಇಲ್ಲ.
ಬೆಳಿಗ್ಗೆ ಉಜ್ಜಿದ ಸ್ಪೋಕಿಗೆ
ಸಂಜೆಯೊಳಗೆ ಕೆಂಪು ಮೀಸೆ.

ಒಂದೊಂದೇ ಬದಲಿಸಿದೆ.
ಬಂದರಿನ ಗುಜರಿಯಿಂದ ಯಾವುದೋ ಹಳೆ ಬೈಕಿನ ಕಾರ್ಬೋರೇಟರ್,
ಅದರ ಜೆಟ್ಟಿನ ತೂತಿಗೆ
ಹರಿದ ಕ್ಲಚ್ ಕೇಬಲಿನ ಒಂದೇ ಒಂದು ಎಳೆ ತೂರಿಸಿ
ಸೂರ್ಯನಿಗೆ ಹಿಡಿದು ನೋಡಿದೆ: ಸಾಸಿವೆಗಿಂತ ಸಣ್ಣ ಬೆಳಕು.
ಹಿಂದಿನ ಸ್ಪ್ರಾಕೆಟ್ಟಿಗೆ ನಾಲ್ಕು ಹಲ್ಲು ಹೆಚ್ಚು.
ಸೈಲೆನ್ಸರಿನ ಹೊಟ್ಟೆಗೆ
ಐಸ್ ಪ್ಲಾಂಟಿನಲ್ಲಿ ಪೈಪಿಗೆ ಸುತ್ತಿ ಉಳಿದ ಗ್ಲಾಸ್‌ವೂಲು,
ನೆಬೀಸಮ್ಮನ ಮೊಮ್ಮಗು ಹಗಲು ಮಲಗಬೇಕಲ್ಲ.

ಗೋಡೆಯಾಚೆ ಅವರ ಜಗಲಿ. ಮಡಿಲಲ್ಲಿ ತಡ್ಪೆ,
ಅದರ ತುಂಬ ಎಲೆ, ಹೊಗೆಸೊಪ್ಪಿನ ಹುಡಿ.
ಕಣ್ಣು ರಸ್ತೆಯಲ್ಲಿ, ಬೆರಳು ಬೀಡಿಯಲ್ಲಿ.
ಇಂಜಿನ್ನು ಸ್ಟಾರ್ಟ್ ಆದದ್ದೇ ಕೇಳಿದರು:
"ಲೋಹಿತಾ, ಒಳಗೆ ಯಾರು ಎಲೆ ಕತ್ತರಿಸುವುದು?"

ಟ್ಯಾಪೆಟ್ಟು! ನಾಲ್ಕು ದಿನ ನನ್ನ ಕಿವಿಗೆ ಬೀಳದ್ದು.
ಅಳತೆಯ ಗೇಜು ಇಲ್ಲ ಎಂದೆ.
ಬೀಡಿಕಟ್ಟಿಗೆ ಅಂಟಿಸುವ ಲೇಬಲೊಂದನ್ನು
ಗೋಡೆಯ ಮೇಲಿಂದ ಚಾಚಿದರು.
ಅದು ಎಳೆದರೆ ಬರಬೇಕು, ಆದರೆ ಸುಮ್ಮನೆ ಬರಬಾರದು.
ಅಷ್ಟು ಸಂದು.
ಕತ್ತರಿ ನಿಂತಿತು.

ಮತ್ತೆ ಹ್ಯಾಂಡಲ್ ಗಡಸು ಎಂದು ಕೋನ್‌ಸೆಟ್ ಬಿಚ್ಚಿದೆ.
ಹದಿನೆಂಟು ಗುಂಡು ಇರುವಲ್ಲಿ ಹದಿನೇಳು.
ಗ್ರೀಸೋ, ಚಾಕುವಿನ ತುದಿಯಲ್ಲಿ ಸವರಿದಷ್ಟು.
ಬಾಯಿಗೆ ಬಂದದ್ದೆಲ್ಲ ಬೈದೆ,
ಇವರ ಕೈಗೆ ಎಲುಬಿಲ್ಲವಾ, ಕಣ್ಣಿಲ್ಲವಾ.
ಆ ಹಳದಿ ಗ್ರೀಸಿನೊಳಗೆ
ಕೂದಲು.
ಎಳೆದಷ್ಟೂ ಬಂತು, ನನ್ನ ಮೊಣಕೈವರೆಗೆ.

ಯಾರದ್ದೋ.
ಟೋಪಿಯೊಳಗಿಂದ ಜಾರಿದ್ದು. ಬೆಲ್ಟು ನಿಲ್ಲದೆ ಓಡುವಾಗ
ಗುಂಡು ಎಣಿಸುವುದಾ, ಕೂದಲು ಸಿಕ್ಕಿಸುವುದಾ.

ಶನಿವಾರ ನೆಬೀಸಮ್ಮ ಬ್ರಾಂಚಿನಿಂದ ಬಂದು
ಚೀಲ ಜಗಲಿಗೆ ಎಸೆದರು.
ಎಂಟು ಕಟ್ಟು ತೆಗೆದು ಬದಿಗಿಟ್ಟರಂತೆ, ಬಿಗಿ ಇಲ್ಲವಂತೆ.
"ತೂತು ಎಲೆ ಕೊಟ್ಟವ ಅವನೇ,
ಬೈಗಳು ನನ್ನ ಬೆರಳಿಗೆ."
ನಾನು ಸ್ಪಾನರು ಒರೆಸುತ್ತಿದ್ದೆ,
ಒರೆಸುತ್ತಲೇ ಇದ್ದೆ.

ಕೂದಲನ್ನು ಬಿಸಾಡಲು ಕೈ ಬರಲಿಲ್ಲ,
ಇಟ್ಟುಕೊಳ್ಳಲು ನಾಚಿಕೆ.
ತಲೆ ಹೋದ ಬೋಲ್ಟುಗಳ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಉಂಟು.
ಹದಿನೆಂಟನೇ ಗುಂಡು ಸೈಕಲ್ ಅಂಗಡಿಯಿಂದ ತಂದೆ.
ಗ್ರೀಸು ಬೆರಳಲ್ಲೇ ತುಂಬಿದೆ, ಉಕ್ಕುವಷ್ಟು.

ಆದಿತ್ಯವಾರ ಮುಡಿಪಿನಾಚೆ ಕೆಂಪುಕಲ್ಲಿನ ಹಳೆ ಕೋರೆ.
ಕಡಿದುಬಿಟ್ಟ ಮೆಟ್ಟಿಲು ಮೆಟ್ಟಿಲು ಗೋಡೆ, ಕೆಳಗೆ ಧೂಳು.
ಎರಡು ಸಲ ಹತ್ತಿತು, ಹಾರಿಯೇ ಹತ್ತಿತು,
ಎದೆ ಬಾಯಿಗೆ ಬಂತು ಮಾರಾಯ್ರೆ!
ಮೂರನೇ ಸಲಕ್ಕೆ ಚೈನಿನ ಲಾಕು ಹಾರಿ
ಧೂಳಿನಲ್ಲಿ ಧೂಳಾಯಿತು.
ಬೈಯಲು ಬಾಯಿ ತೆರೆದೆ.
ಬೈದೆ ಕೂಡ. ಆದರೆ ಯಾರಿಗೆ ಅಂತ ಹೆಸರಿಡಲಿಲ್ಲ.

ಪರಿಚಯದ ಟೆಂಪೋದವನಿಗೆ ಡೀಸೆಲಿನ ದುಡ್ಡು ಕೊಟ್ಟು
ಕತ್ತಲಾಗುವಾಗ ಮನೆ.
ಕಪಾಟಿನ ಹಳೆ ಲಾಕು ಸಿಕ್ಕಿಸಿ ಒಂದು ಕಿಕ್ಕು ಹೊಡೆದೆ.
ಗೋಡೆಯಾಚೆ ನೂಲು ಹಲ್ಲಲ್ಲಿ ಕಚ್ಚಿಕೊಂಡೇ ನೆಬೀಸಮ್ಮ:
"ಕತ್ತರಿ ಇಲ್ಲ ಇವತ್ತು.
ಆದರೆ ಎಂತದೋ ಗಲಗಲ ಅಂತದೆ,
ಡಬ್ಬಿಯೊಳಗೆ ಗೇರುಬೀಜ ಅಲ್ಲಾಡಿಸಿದ ಹಾಗೆ. ಬಲಬದಿಗೆ. ನೋಡು."