ಸಂಜಿ ಅಂಗಿ

ಫೋಟೋದಾಗ ಮುಂಭಾಗ ಅಷ್ಟ ಐತಿ.
ಹೆಗಲಿಂದ ಜಾರಿದ ಕೊರಳು, ಬಿಗಿ ನಡ,
ನಡದಿಂದ ಕೆಳಗ ಅರಿವಿ ಮೊದಲ ಸುಮ್ಮನ ಇಳದು
ಆಮ್ಯಾಲೆ ಮನಸು ಬದಲಿಸಿ ಅಗಲ ಆಗೇತಿ.
ಹಿಂದ ಶಾಯೀಲೆ ಬರದಾರ:
ಮೇವಿಸ್, ಇನ್‌ಸ್ಟಿಟ್ಯೂಟ್ ಡ್ಯಾನ್ಸ್, ಡಿಸೆಂಬರ್.
ಇಸವಿ ಇದ್ದಲ್ಲೆ ಹುಳ ತಿಂದೈತಿ.

"ಸಾವಂತ್ರವ್ವ, ಇದನ್ನ ನನಗ ಹೊಲದು ಕೊಡ್ತಿ?"
ಹಿಲ್ಡಾ ಬಾಯಾರು ಕೇಳಿದಾಗ
ನಾ ಜಂಪರಿಗೆ ಹುಕ್ಕ ಹಚ್ಚಾಕತ್ತಿದ್ದೆ.
ಗದಗ ರೋಡಿನ ಈ ಓಣ್ಯಾಗ
ಇಪ್ಪತ್ತೆರಡು ವರ್ಷದಿಂದ ನಾ ಹೊಲದದ್ದು
ಜಂಪರು, ಪರಕಾರ, ಸಾಲಿ ಹುಡುಗರ ಚಡ್ಡಿ,
ಒಮ್ಮೆ ಬ್ಯಾಂಡಿನವರಿಗೆ ಹದಿನಾಲ್ಕು ಕೆಂಪು ಕೋಟು.
ಸಂಜಿಗೆ ಅಂತ ಬ್ಯಾರೆ ಅಂಗಿ ಇರತೈತೇನ್ರಿ, ಅಂದೆ.
ನಮ್ಮ ಸಂಜಿ ಅಂದ್ರ
ವರ್ಕ್‌ಶಾಪಿನ ಭೋಂಗಾ, ಹಿಟ್ಟು ಹತ್ತಿದ ಕೈ,
ನೈಟಿ ಮ್ಯಾಲೊಂದು ಟವೆಲ್ಲು.
ಎಲ್ಲಿಗೆ ಉಟಗೊಂಡು ಹೋಗ್ತೀರಿ?
"ಎಲ್ಲಿಗೂ ಇಲ್ಲ," ಅಂದ್ರು. "ಸಂಜಿ ತಾನ ಬರತೈತಲ್ಲ."

ಬಣ್ಣ ನನಗ ಬಿಟ್ಟರು.
ಕರಿ ಬಿಳಿ ಫೋಟೋದಾಗ ಕೆಂಪು, ಹಸರು
ಎರಡೂ ಒಂದ ಬೂದಿ.
ಶಾ ಬಜಾರಿನ್ಯಾಗ ಮೂರು ಅಂಗಡಿ ಹತ್ತಿ ಇಳದು
ಸಾಟಿನ್ನು ತಂದೆ, ಆರು ಮೀಟರು,
ಹಸಿ ಮೆಣಸಿನಕಾಯಿ ಹಣ್ಣಾಗೂಕಿಂತ ಒಂದಿನ ಮೊದಲಿನ ಬಣ್ಣ.

ಹಳೇ ಪೇಪರಿನ ಮ್ಯಾಲೆ ಗೀಟು ಎಳದೆ:
ಎದಿ ಮ್ಯಾಲೆ ಜ್ವಾಳದ ದರ,
ನಡದ ಪ್ಲೀಟಿನ್ಯಾಗ ಯಾರದೋ ನಿಧನ.
ಗೌನ್ ಅಂದ್ರ ಮತ್ತೇನು,
ಜಂಪರು ಪರಕಾರ ಜಗಳ ಇಲ್ಲದ ಕೂಡಿದ್ದು,
ಅಂತ ಧೈರ್ಯ ಹೇಳಕೊಂಡೆ.
ಆದ್ರ ಅರಿವಿ ಅಡ್ಡಕ್ಕೂ ಅಲ್ಲ, ಉದ್ದಕ್ಕೂ ಅಲ್ಲ,
ಓರಿ ಕತ್ತರಸಬೇಕು.
ಓರಿ ಕತ್ತರಿಸಿದ ಅರಿವಿ ಹೇಳಿದ ಮಾತು ಕೇಳೂದಿಲ್ಲ.
ಕಾಲಾಗ ಮಷಿನ್ನು ನಿಲ್ಲಿಸಿ
ಅರ್ಧ ಕೈಲೆ ಹೊಲದೆ, ಎರಡು ಸಲ ಬಿಚ್ಚಿದೆ.

ಅಂಚು ಮಡಚೂ ಮೊದಲ
ತೊಟ್ಟಿಲ ಕೊಂಡಿಗೆ ತೂಗ ಹಾಕಿ ಎರಡು ರಾತ್ರಿ ಬಿಟ್ಟೆ.
ತನ್ನ ಭಾರಕ್ಕ ತಾನ ಜಗ್ಗಿ
ಎರಡು ಬಟ್ಟು ಬೆಳೀತು.
ನಡುರಾತ್ರಿ ನೀರು ಕುಡ್ಯಾಕ ಎದ್ದ ನನ್ನ ಗಂಡ
ಕತ್ತಲಾಗ ಅದನ್ನ ನೋಡಿ
"ಯಾರ್ರೀ?" ಅಂದ, ಭಾಳ ಮರ್ಯಾದಿಲೆ.
ನನಗ ಎಂದೂ "ರೀ" ಹಚ್ಚಿದವ ಅಲ್ಲ.

ಬೆನ್ನಿಗೆ ಬಂದು ಕೈ ನಿಂತ್ವು.
ಫೋಟೋ ತಿರುವಿ ನೋಡಿದ್ರ ಬರೇ ಶಾಯಿ.
ಹಿಂದ ಹ್ಯಾಂಗಿತ್ತ್ರಿ, ಕೇಳಿದೆ.

ಹಿಲ್ಡಾ ಬಾಯಾರು ನಕ್ಕರು.
"ನಾ ನೋಡಿದ್ದ ಹಿಂದಿಂದ.
ನಾಕು ವರ್ಷದಾಕಿ, ಹಾಸಿಗ್ಯಾಗ,
ಶನಿವಾರ ರಾತ್ರಿ ಬಾಗಲ ತನಕ ಮಮ್ಮಿ ಬೆನ್ನು.
ಸಾಲಾಗಿ ಸಣ್ಣ ಗುಂಡಿ, ಅದ ಅರಿವಿ ಹೊದಿಸಿದ್ದು.
ಆಕಿ ದೀಪ ಆರಸೂದ್ರೊಳಗ ಎಣಸ್ತಿದ್ದೆ."
ಎಷ್ಟಿದ್ವು?
"ಹತ್ತು."
ಆಮ್ಯಾಲೆ ಹೊತ್ತು ಬಿಟ್ಟು,
"ನನಗ ಆವಾಗ ಹತ್ತರ ತನಕ ಅಷ್ಟ ಬರತಿತ್ತು."

ದುರ್ಗದಬೈಲಿನ್ಯಾಗ ಗುಂಡಿ ಅಚ್ಚು ಡಜನ್ನಿನ ಲೆಕ್ಕ,
ಬಿಡಿ ಕೊಡೂದಿಲ್ಲ ಅಂದ.
ಚೂರು ಸಾಟಿನ್ ದುಂಡಗ ಕತ್ತರಿಸಿ ಹೊದಿಸಿದೆ,
ಮಳ್ಳ ಕೂಸಿಗೆ ಕುಂಚಿಗಿ ಕಟ್ಟಿದಂಗ, ಒಂದೊಂದಕ್ಕ.
ನನ್ನ ಅವ್ವನ್ನೂ ನಾ ಬೆನ್ನಿಂದನ ಬಲ್ಲೆ,
ಒಲಿ ಮುಂದ.
ಆಕಿ ಜಂಪರಿಗೆ ಗುಂಡಿ ಇರಲಿಲ್ಲ, ಪಿನ್ನಿತ್ತು.

ಶುಕ್ರವಾರ ಉಟ್ಟು ನೋಡಿದ್ರು.
ಕಪಾಟಿನ ಕನ್ನಡಿ ಮುಂದ, ನನಗ ಬೆನ್ನು ಮಾಡಿ.
ನಾ ನಡದಿಂದ ಮ್ಯಾಲಕ್ಕ ಒಂದೊಂದ ಹಾಕಾಕತ್ತೆ.
ಅವರು ಸಣ್ಣ ದನೀಲೆ, ಇಂಗ್ಲಿಷಿನ್ಯಾಗ,
ಅವಸರ ಇಲ್ಲದ ಎಣಿಸಿದ್ರು.
ಹತ್ತಕ್ಕ ನಿಂತ್ರು.
ನನ್ನ ಬೆರಳು ಇನ್ನೂ ಮ್ಯಾಲೆ ಹೊಂಟಿದ್ವು.