ಉಗುರುಬಣ್ಣದ ಗೆರೆ

ಬೋಟು ಬೈತಖೋಲದಲ್ಲಿ ಕಟ್ಟಿ ನಿಂತ ಎರಡು ತಿಂಗಳು
ಸುಮ್ಮನಿರಲಾರದ ಗಂಡಸು ಏನು ಮಾಡುತ್ತಾನೆ?
ಇವನು ಅಡುಗೆಮನೆಯಲ್ಲಿ ಒಂದು ಸಮುದ್ರ ಕಟ್ಟಿದ.
ಮೇಲೆ ಮೂರಡಿಯ ಗಾಜಿನ ತೊಟ್ಟಿ,
ಕೆಳಗೆ, ಹೊಲಿಗೆ ಮಿಷನ್ನಿನ ಹಳೇ ಮೇಜಿನಡಿ, ಇನ್ನೊಂದು.
"ಇದು ಸಂಪು. ಕೊಳೆ ಇಳಿಯುವುದು ಇಲ್ಲಿ,
ತಿಳಿ ಏರುವುದು ಈ ಪೈಪಿನಲ್ಲಿ" ಎಂದ,
ಇಂಜಿನ್ ರೂಮು ತೋರಿಸುವ ಗತ್ತಿನಲ್ಲಿ.

ಮೊದಲ ಕೋಣೆಗೆ ನನ್ನ ಹಳೆಯ ಲಂಗದ ಬಟ್ಟೆ,
ಎರಡನೆಯದಕ್ಕೆ ಒಡೆದ ಹೆಂಚು, ಕಾಳಿ ನದಿಯ ಕಲವದ ಚಿಪ್ಪು,
ಮೂರನೆಯದರಲ್ಲಿ ಮೋಟರು.
ಬಲೆಯಲ್ಲಿ ಬಂದೂ ಸಾಯಲೊಪ್ಪದ
ಎರಡು ಪಟ್ಟೆಮೀನಿನ ಮರಿಗಳಿಗೆ ಇಷ್ಟೆಲ್ಲ.
ಅತ್ತೆ ನೋಡಿ ಅಂದರು:
"ಸಾರಿಗೂ ಸಾಲದ್ದಕ್ಕೆ ಬಂಗಲೆ."

ಆಗಸ್ಟಿನಲ್ಲಿ ಬೋಟು ಹೊರಟಿತು.
ದೊಡ್ಡ ಸಮುದ್ರ ಅವನನ್ನು ಕರೆದುಕೊಂಡು ಹೋಯಿತು,
ಸಣ್ಣದು ನನ್ನ ಕೊರಳಿಗೆ ಬಿತ್ತು.

ಮೊದಲು ಸದ್ದು.
ಗುಳುಕ್. ಗುಳು ಗುಳು. ಗೊಳಕ್.
ರಾತ್ರಿಯಿಡೀ ಯಾರೋ ಬಾಯಿ ಮುಕ್ಕಳಿಸಿದ ಹಾಗೆ,
ಉಗುಳದೆ.
ಆಮೇಲೆ ತೊಟ್ಟಿಯ ತುಂಬ ಸಾಸಿವೆಯಷ್ಟು ಗುಳ್ಳೆ,
ಮೀನಿಗೆ ಸಿಡುಬು ಎದ್ದಿತೇನೋ ಅಂದುಕೊಂಡೆ.
ಮೂರನೇ ರಾತ್ರಿ ಕರೆಂಟು ಹೋಯಿತು.
ಬೆಳಿಗ್ಗೆ ಎದ್ದು ಕಾಲಿಟ್ಟರೆ
ಅಡುಗೆಮನೆಯಲ್ಲಿ ಭರತ.
ಅಕ್ಕಿಡಬ್ಬಿಯ ಬುಡಕ್ಕೆ ಉಪ್ಪುನೀರು,
ತೇಲುತ್ತಿತ್ತು ಪ್ರಣಾಲಿಯ ಒಂದು ಚಪ್ಪಲಿ.
ಫೋನು ಹಚ್ಚಿದೆ.
ನಲವತ್ತು ಮಾರು ನೀರಿನಲ್ಲಿ ನೆಟ್‌ವರ್ಕು ಎಲ್ಲಿಂದ.

ಕೋಡಿಬಾಗದ ಇನಾಸ ಬಂದ, ನಲ್ಲಿ ರಿಪೇರಿಯವ.
ಮೇಜಿನಡಿ ತಲೆ ತೂರಿಸಿ ಬಹಳ ಹೊತ್ತು ಕೇಳಿಸಿಕೊಂಡ.
"ಬಾಯಿ, ಪೈಪಿನ ತಪ್ಪಲ್ಲ.
ಇಳಿಯುವ ನೀರು ಗಾಳಿ ಎಳೆದುಕೊಂಡೇ ಇಳಿಯುತ್ತದೆ.
ಇದಕ್ಕೆ ಉಸಿರಿಗೆ ಜಾಗ ಇಲ್ಲ."
ಮೇಲಿನ ಮುಚ್ಚಳಕ್ಕೆ ಕಾದ ಮೊಳೆಯಿಂದ ಒಂದು ತೂತು ಸುಟ್ಟ.
ಕೆಳಬಾಯಿ ನೀರಿನಲ್ಲಿ ಗೇಣುದ್ದ ಮುಳುಗಿತ್ತು,
ಕೊಯ್ದು ಒಂದು ಬೆರಳಿಗೆ ತಂದ.
ಸದ್ದು ನಿಂತಿತು. ಕೂಲಿ ಬೇಡವೆಂದ,
ಚಹಾಕ್ಕೆ ಎರಡು ಪಾವು ಅದ್ದಿ ತಿಂದು ಹೋದ.

ಭರತಕ್ಕೆ ಮಾತ್ರ ಅವನಲ್ಲಿ ಮದ್ದಿರಲಿಲ್ಲ.
ಅದನ್ನು ನಾನೇ ಹುಡುಕಿದೆ,
ಐಸ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವಳು:
ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು,
ನಡುವೆ ಕರಗಿದ್ದೆಷ್ಟು.
ಮೋಟರು ಆರಿಸಿ, ಗಡಿಯಾರ ಹಿಡಿದು ಕೂತೆ.
ಏರಿದ ದಾರಿಯಲ್ಲೇ ನೀರು ಹಿಂದಕ್ಕೆ ಇಳಿಯುತ್ತಿತ್ತು,
ನಿಲ್ಲುವ ಮನಸ್ಸಿಲ್ಲದೆ.
ಪೈಪಿನ ಮೇಲ್ತುದಿಯಲ್ಲಿ, ನೀರಿನ ಅಂಚಿಗೆ ಅರ್ಧ ಬೆರಳು ಕೆಳಗೆ
ಇವನು ಕೊರೆದಿದ್ದ ಒಂದು ಸೂಜಿತೂತು.
ಕರೆಂಟು ಹೋದಾಗ ಅಲ್ಲಿ ಗಾಳಿ ನುಗ್ಗಬೇಕು,
ನೀರಿನ ಹಗ್ಗ ಕಡಿಯಬೇಕು.
ಅದರ ಬಾಯಿಗೆ ಮೈ ಒತ್ತಿ ಕೂತಿತ್ತು
ಎಳ್ಳಿನಷ್ಟು ಒಂದು ಬಸವನಹುಳು.
ಅಷ್ಟೇ.
ಸೀರೆಯ ಪಿನ್ನಿನಿಂದ ಎಬ್ಬಿಸಿದೆ. ಕೊಲ್ಲಲಿಲ್ಲ,
ಚಿಪ್ಪಿನ ಕೋಣೆಗೆ ವರ್ಗ ಮಾಡಿದೆ.

ಮತ್ತೆ ಸ್ವಿಚ್ಚು ಆರಿಸಿದೆ. ನೀರು ಇಳಿಯಿತು, ಇಳಿಯಿತು,
ಸ್ಸ್ ಎಂದಿತು, ನಿಂತಿತು.
ನಿಂತಲ್ಲಿ ಗಾಜಿನ ಮೇಲೆ ಗೆರೆ ಎಳೆದೆ
ಮಗಳ ಕೆಂಪು ಉಗುರುಬಣ್ಣದಲ್ಲಿ: ಇದು ಭರತ.
ಮೋಟರು ಓಡುವಾಗಿನ ಮಟ್ಟಕ್ಕೆ ಇನ್ನೊಂದು: ಇದು ಇಳಿತ.
ಕೊನೆಯ ಕೋಣೆ ಆರಿ ಆರಿ ಮೋಟರು ಗಾಳಿ ನುಂಗುತ್ತಿತ್ತು,
ಗುಳ್ಳೆಗಳು ಅದರ ತೇಗು.
ಈಗ ದಿನಕ್ಕೊಂದು ಚೊಂಬು ಬಾವಿಯ ಸಿಹಿನೀರು,
ಕೆಳಗೆರೆ ಮುಟ್ಟುವವರೆಗೆ.
ಆರಿಹೋಗುವುದು ನೀರು ಮಾತ್ರ,
ಉಪ್ಪು ಎಲ್ಲಿಗೂ ಹೋಗುವುದಿಲ್ಲ.

ಒಂಬತ್ತನೇ ದಿನ ಬಂದ, ಡೀಸೆಲು ವಾಸನೆ ಹೊತ್ತು.
ಬಾಗಿಲಲ್ಲೇ ನಿಂತು ಕಿವಿ ಕೊಟ್ಟ.
"ನಿಂತುಹೋಯಿತಾ?" ಮುಖ ಬಿಳಿಚಿತ್ತು.
ನಾನು ಮಾತಾಡಲಿಲ್ಲ. ಬಂಗಡೆ ತೊಳೆಯುತ್ತಿದ್ದೆ.
ತೊಟ್ಟಿಗೆ ಕೈ ಇಳಿಸಿ ಪೈಪಿನ ಬಾಯಿಗೆ ಬೆರಳು ಹಿಡಿದ,
ನಾಡಿ ನೋಡುವವನ ಹಾಗೆ.
ಪಟ್ಟೆಮೀನುಗಳು ಬಂದು ಬೆರಳು ಕುಟುಕಿದವು,
ಗುರುತಿನಿಂದಲ್ಲ, ಹಸಿವಿನಿಂದ.
ಆಮೇಲೆ ಮೇಜಿನಡಿ ಬಗ್ಗಿದ.
ಅಲ್ಲಿಂದಲೇ ಕೇಳಿದ:
"ಈ ಕೆಂಪು ಗೆರೆ ಯಾವುದು?"