ಇಬ್ಬರು ಕೊಟ್ಟ ವಿಳಾಸ

ಗ್ಯುಮ್ರಿಯಲ್ಲಿ ಜನವರಿ. ಕಿಟಕಿಯ ಒಳಮೈಗೂ ಹಿಮ.
ನಾರೆಯ ಲ್ಯಾಪ್‌ಟಾಪ್ ಮೂರು ದಿನದಿಂದ
ಒಂದು ಹೊತ್ತು ಮಾತಾಡುತ್ತದೆ, ಒಂದು ಹೊತ್ತು ಮೂಕ.
"ಬೆಳಿಗ್ಗೆ ಎಂಟಕ್ಕೆ ಪರೀಕ್ಷೆ. ಅಮ್ಮಾ, ನಿನ್ನ ಲಿನಕ್ಸ್ ಕೆಟ್ಟಿದೆ"
ಎಂದು ತಪ್ಪನ್ನೆಲ್ಲ ನನ್ನ ಮಡಿಲಿಗೆ ಸುರಿದು ಮಲಗಿದಳು.

ನಾನು ಹೊಲಿಗೆಯಂತ್ರ ರಿಪೇರಿ ಮಾಡುವವಳು.
ನೂಲು ತುಂಡಾದರೆ ಸೂಜಿಯನ್ನು ಬಯ್ಯುವುದಿಲ್ಲ,
ಉಂಡೆಯಿಂದ ನೋಡುತ್ತಾ ಬರುತ್ತೇನೆ.

ಹಾಗೇ ಬಂದೆ.
ತಂತಿ ಅಲುಗಾಡಿಸಿದೆ: ಗಟ್ಟಿ.
ಹಳೆಯ ವಿಳಾಸ ಬಿಟ್ಟುಕೊಡು ಅಂದೆ, ಬಿಟ್ಟಿತು.
ಹೊಸದು ಕೇಳು ಅಂದೆ, ಕೇಳಿತು.
ಸಿಕ್ಕಿತು ಕೂಡ.
ಕನ್ನಡಕ ಒರೆಸಿಕೊಂಡು ಓದಿದೆ:
ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಇಷ್ಟು ಸರಿ,
ಎಂಟು, ಇಪ್ಪತ್ತಮೂರು.
ಎಂಟು?
ನಮ್ಮದು ಒಂದು. ಎಂದೂ ಒಂದೇ.
ಎಂಟರ ಬೀದಿ ನಮ್ಮ ಮನೆಯೊಳಗೆ ಎಲ್ಲಿಂದ ಬಂತು?
ವಿಳಾಸವಿದೆ, ಹೊರಗೆ ಹೋಗಲು ದಾರಿಯಿಲ್ಲ.

ಇಂಥದ್ದನ್ನು ಈ ಊರು ಕಂಡಿದೆ.
ಭೂಕಂಪದ ಮೇಲೆ ಅತ್ತೆ ಹ್ರಿಪ್ಸಿಮೆಗೆ ಕೊಟ್ಟದ್ದು
ಡೋಮಿಕ್ ಎಂಬ ಕಬ್ಬಿಣದ ಡಬ್ಬ, ಎರಡು ವರ್ಷದ ಮಟ್ಟಿಗೆ ಅಂತ.
ಇಪ್ಪತ್ತೊಂದು ವರ್ಷ ಇದ್ದಳು ಅದರಲ್ಲಿ.
ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ.
ಹಿಂದಿನ ಸಾಲಿನಲ್ಲೂ ಅದೇ ಸಂಖ್ಯೆ, ಬೇರೊಂದು ಕಚೇರಿ ಬರೆದದ್ದು.
ಇವಳ ಪಿಂಚಣಿ ಅಲ್ಲಿಗೆ ಹೋಗುತ್ತಿತ್ತಂತೆ,
ಅವರ ಮಗನ ಸೈನ್ಯದ ಕಾಗದ ಇಲ್ಲಿಗೆ.

ರಾತ್ರಿ ಒಂದೂವರೆಗೆ
ತಂತಿಗೆ ಕಿವಿ ಕೊಟ್ಟು ಕೂತೆ.
ಅರವತ್ತೇಳು, ಅರವತ್ತೆಂಟು: ಎರಡೇ ಕಿಂಡಿ, ಉಳಿದದ್ದು ಬೇಡ.
ಯಂತ್ರ ಕೂಗಿತು. ಕೂಗುವಾಗ ಅದರ ವಿಳಾಸ
ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ.
ಇನ್ನೂ ಯಾರೂ ಅಲ್ಲದ್ದು ಎಲ್ಲರನ್ನೂ ಕರೆದು ಕೇಳಿತು:
ಯಾರಾದರೂ ಇದ್ದೀರಾ, ನನಗೊಂದು ಜಾಗ?
ಉತ್ತರ ಬಂತು.
ಅದರ ಬೆನ್ನಿಗೇ ಇನ್ನೊಂದು.
ಇಬ್ಬರು!
ಮೊದಲು ಬಂದವನ ಕೈಹಿಡಿಯಿತು ಪೆದ್ದು ಯಂತ್ರ.
(ನಾನೂ ಹಾಗೇ ಮದುವೆಯಾದವಳು. ಅದು ಬೇರೆ ಮಾತು.)

ಎಂಟು ಅಂದವನ ಯಂತ್ರಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು
ಟಾರ್ಚು ಹಿಡಿದು, ಎರಡು ಜೊತೆ ಕಾಲುಚೀಲದಲ್ಲಿ, ಮನೆಯೆಲ್ಲ ಹುಡುಕಿದೆ.
ಅಡುಗೆಮನೆ. ಹಜಾರ. ಬೂಟುಗಳ ಹಿಂದೆ.
ಅತ್ತೆಯ ಕೋಣೆ.

ತಲೆದೆಸೆಯಲ್ಲಿ, ಒಣ ಏಪ್ರಿಕಾಟಿನ ಡಬ್ಬದ ಪಕ್ಕ,
ಕಸಕ್ಕೆಂದು ನಾನೇ ತೆಗೆದಿಟ್ಟಿದ್ದ ಹಳೆಯ ರೂಟರ್
ನಾಲ್ಕು ಹಸಿರು ಕಣ್ಣು ಬಿಟ್ಟುಕೊಂಡು
ಕೇಳಿದವರಿಗೆಲ್ಲ ಎಂಟರ ಬೀದಿಯಲ್ಲಿ ಮನೆ ಹಂಚುತ್ತಿತ್ತು.
ಗೋಡೆಯಿಂದ ಬಂದ ತಂತಿ ಅದರ ಬಾಯಲ್ಲಿ.

"ಕೀಳಬೇಡ," ಅಂದಳು ಅತ್ತೆ, ಕಣ್ಣು ತೆರೆಯದೆ.
ನಿದ್ದೆಯೇ ಮಾಡಿರಲಿಲ್ಲ.
"ಆ ತಂತಿ ಸುಮ್ಮನೆ ಬಿದ್ದಿತ್ತು, ಚುಚ್ಚಿದೆ. ಇನ್ನೊಂದು ದೀಪ ಹತ್ತಿತು.
ಕತ್ತಲಲ್ಲಿ ಎಚ್ಚರಾದರೆ
ಸೂರು ಮೇಲೇ ಇದೆಯಾ ಅಂತ ತಿಳಿಯಬೇಕಲ್ಲ."

ಬಾಯಿಗೆ ಬಂದದ್ದನ್ನು ನುಂಗಿ
ಅವಳ ಮಂಚದ ಅಂಚಿನಲ್ಲೇ ಲ್ಯಾಪ್‌ಟಾಪ್ ಬಿಚ್ಚಿದೆ.
ಹಳೆಯ ಪೆಟ್ಟಿಗೆಯ ಒಳಹೊಕ್ಕೆ. ಪಾಸ್‌ವರ್ಡು ಅದರ ಬೆನ್ನಿಗೇ ಅಂಟಿತ್ತು.
ವಿಳಾಸ ಹಂಚುವ ಚೌಕದ ಗುರುತು ಅಳಿಸಿದೆ.
ಪೆಟ್ಟಿಗೆ ಸತ್ತು ಹುಟ್ಟುವಷ್ಟು ಹೊತ್ತು ಎಲ್ಲ ದೀಪವೂ ಆರಿದವು.
ಅತ್ತೆಯ ಕೈ ನನ್ನ ಮಣಿಕಟ್ಟನ್ನು ತಡಕಿ ಹಿಡಿಯಿತು.
ಒಂದು ಹತ್ತಿತು. ಎರಡು. ತಡೆದು, ತಡೆದು, ನಾಲ್ಕೂ.

ಮತ್ತೆ ಕೇಳಿಸಿದೆ ಯಂತ್ರದಿಂದ. ಒಂದೇ ಉತ್ತರ.
ಒಂದರ ಬೀದಿ, ನಲವತ್ತನೆಯ ಮನೆ.

"ಎಷ್ಟು ದಿನಕ್ಕೆ ಕೊಟ್ಟರು?"
"ಹನ್ನೆರಡು ಗಂಟೆಗೆ. ಆಮೇಲೆ ಮತ್ತೆ ಕೇಳಿಕೊಳ್ಳಬೇಕು."
"ಕೊಡ್ತಾರಾ?"
"ಕೊಡ್ತಾರೆ. ಅರ್ಧ ಹೊತ್ತು ಕಳೆದ ಕೂಡಲೇ ಕೇಳುತ್ತದೆ ಇದು."
"ಜಾಣ ಯಂತ್ರ," ಅಂದಳು,
"ನಾವು ಗಡುವು ಮುಗಿಯಲಿ ಅಂತ ಕಾದೆವು,"
ಅಂದು ಹಸಿರು ಬೆಳಕಿನ ಕಡೆಗೆ ಮಗ್ಗುಲಾದಳು.